ಎರಡು ಕೊಡ ನೀರಿನ ಕೈತೋಟ

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟು ತಿಕೋಟಾವನ್ನು ದಾಟಿ ಹೊನವಾಡದ ಕಡೆಗೆ ಹೋಗುವವರ ಕಣ್ಣಿಗೆ ಎರಡು ಬಗೆಯ ನೋಟಗಳು ಒಂದರ ಮಗ್ಗುಲಲ್ಲೊಂದು ಬೀಳುತ್ತವೆ. ಒಂದು ಕಡೆ ದ್ರಾಕ್ಷಿಯ ತೋಟ. ಸಾಲುಸಾಲಾಗಿ ಹಾಸಿದ ಕರಿಯ ಕೊಳವೆಗಳಿಂದ ಬಳ್ಳಿಗಳ ಬುಡಕ್ಕೆ ನೀರು ತೊಟ್ಟಿಕ್ಕುತ್ತಿರುತ್ತದೆ. ಇನ್ನೊಂದು ಕಡೆ ಹಿಂಗಾರಿ ಜೋಳದ ಹೊಲ. ಅದಕ್ಕೆ ಬಿತ್ತಿದಂದಿನಿಂದ ಕೊಯ್ಯುವವರೆಗೆ ಯಾರೂ ಒಂದು ಕೊಡ ನೀರನ್ನು ಹೊತ್ತು ಹಾಕುವುದಿಲ್ಲ. ಆದರೂ ಎಳ್ಳಮಾವಾಸ್ಯೆಯ ಹೊತ್ತಿಗೆ ಜೋಳವು ಆಳೆತ್ತರ ಬೆಳೆದು ತೆನೆ ಬಿಟ್ಟಿರುತ್ತದೆ. ಮಳೆ ನಿಂತು ಎರಡು ತಿಂಗಳಾದ ಮೇಲೆ ಈ ಪೈರು ಕುಡಿಯುತ್ತಿರುವ ನೀರು ಎಲ್ಲಿಂದ ಬಂದಿತು? ಮಕ್ಕಳನ್ನು ಕೂಡಿಕೊಂಡು ಮನೆಯ ಹಿತ್ತಲಿನಲ್ಲಿ ಕಾಯಿಪಲ್ಲೆಯ ಮಡಿ ಮಾಡಹೊರಟವರು ಮೊತ್ತಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಾವು ಅದನ್ನು ಮೊದಲು ಕೇಳಿಕೊಳ್ಳಲಿಲ್ಲ. ಆದುದರಿಂದಲೇ ಮೊದಲನೆಯ ವರ್ಷ ಕೆಟ್ಟೆವು.

ಹೊನವಾಡದ ಒಂದು ಹಿತ್ತಲಿನಲ್ಲಿ ಮೂವರು ಮಕ್ಕಳೊಡನೆ ನಾವು ತೋಟವನ್ನು ಆರಂಭಿಸಿದಾಗ ನಮಗೆ ದಾರಿ ತೋರಿಸಿದುದು ಒಂದು ಪುಸ್ತಕದ ಚಿತ್ರ. ಅದರಲ್ಲಿ ಮಣ್ಣನ್ನು ಗೇಣುದ್ದ ಏರಿಸಿ ಕಟ್ಟಿದ ಅಂದವಾದ ಮಡಿಗಳಿದ್ದವು. ನಾವೂ ಹಾಗೆಯೇ ನಾಲ್ಕು ಮಡಿಗಳನ್ನು ಏರಿಸಿದೆವು. ಒಂದೊಂದೂ ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲ. ಒಟ್ಟು ೧೨ ಚದರ ಮೀಟರ್. ದಸರೆ ಕಳೆದ ಮೇಲೆ ಬಿತ್ತಿದ ಮೆಂತೆಯೂ ರಾಜಗಿರಿಯೂ ಸೊಗಸಾಗಿ ಹುಟ್ಟಿದವು. ಕಾರ್ತಿಕ ಮುಗಿಯುವಷ್ಟರಲ್ಲಿ ಮಡಿಗಳ ಅಂಚುಗಳು ಬಿರಿಯತೊಡಗಿದವು. ಸಂಕ್ರಾಂತಿಯ ನಂತರ ನಳದಲ್ಲಿ ನೀರು ಬರುವ ದಿನಗಳು ವಿರಳವಾದುವು. ತೋಟಕ್ಕೆಂದು ಮನೆಯವರು ಬಿಟ್ಟುಕೊಡಬಹುದಾದುದು ದಿನಕ್ಕೆ ಎರಡೇ ಕೊಡ. ಆ ಎರಡು ಕೊಡಗಳನ್ನು ನಾಲ್ಕು ಮಡಿಗಳಿಗೆ ಹಂಚಿದೆವು, ನಾಲ್ಕೂ ಒಣಗಿದುವು. ಕೊನೆಯ ಮಡಿ ಮೂವರಲ್ಲಿ ಎಲ್ಲರಿಗಿಂತ ಚಿಕ್ಕವಳದು. ಅವಳು ಶಾಲೆಗೆ ಒಯ್ದ ಕುಡಿಯುವ ನೀರನ್ನು ಕುಡಿಯದೆ ಉಳಿಸಿ ತಂದು ಸಂಜೆ ತನ್ನ ಬದನೆಯ ಸಸಿಗಳಿಗೆ ಹಾಕುತ್ತಿದ್ದಳೆಂಬುದು ನಮಗೆ ತಿಳಿದದ್ದು ಸಸಿಗಳು ಸತ್ತ ಮೇಲೆ. ಮಗುವಿಗೆ ತೋಟ ಬೇಡವೆನಿಸಲು ಇಂತಹ ಒಂದು ವರ್ಷ ಸಾಕು.

ತಪ್ಪು ಎಲ್ಲಿತ್ತೆಂಬುದನ್ನು ತಿಳಿಯಲು ಮೊದಲು ಲೆಕ್ಕ ಹಾಕೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ದಪ್ಪದ ನೀರು ನಿಂತರೆ ಅದರ ಪ್ರಮಾಣ ಸರಿಯಾಗಿ ಒಂದು ಲೀಟರ್. ಈ ಒಂದು ಮಾತನ್ನು ನೆನಪಿಟ್ಟರೆ ಮಳೆಯನ್ನು ಅಳೆಯುವ ಭಾಷೆಯೂ ಕೊಡವನ್ನು ಅಳೆಯುವ ಭಾಷೆಯೂ ಒಂದೇ ಆಗುತ್ತವೆ. ವಿಜಯಪುರ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ ೬೦೦ ಮಿಲಿಮೀಟರಿಗೂ ತುಸು ಕಡಿಮೆ. ಆಗುಂಬೆಯಲ್ಲಿ ಅದು ೭೦೦೦ವನ್ನು ಮೀರುತ್ತದೆ. ಏರುಮಡಿಯ ಚಿತ್ರವನ್ನು ಬರೆದವರು ಯಾವ ಸೀಮೆಯವರಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಖರ್ಚಿನ ಕಡೆ. ನೀರನ್ನು ಆವಿ ಮಾಡಲು ಶಾಖ ಬೇಕು. ಒಂದು ಗ್ರಾಂ ನೀರಿಗೆ ಸುಮಾರು ೫೮೦ ಕೆಲೊರಿ. ಇದೇ ನೀರಿನ ಗುಪ್ತೋಷ್ಣ. ಏಪ್ರಿಲ್ ತಿಂಗಳ ಒಂದು ಸ್ವಚ್ಛವಾದ ದಿನ ನಮ್ಮ ಭಾಗದ ಒಂದು ಚದರ ಮೀಟರ್ ನೆಲದ ಮೇಲೆ ಬೀಳುವ ಬಿಸಿಲಿನ ಶಕ್ತಿ ಹೆಚ್ಚು ಕಡಿಮೆ ೫೬ ಲಕ್ಷ ಕೆಲೊರಿಗಳಷ್ಟು. ಭಾಗಿಸಿ ನೋಡಿದರೆ, ಅಷ್ಟು ಶಕ್ತಿಯೂ ನೀರನ್ನು ಆವಿಯಾಗಿಸಲಿಕ್ಕೇ ವೆಚ್ಚವಾದಲ್ಲಿ, ಒಂದು ಚದರ ಮೀಟರಿನಿಂದ ದಿನಕ್ಕೆ ಸುಮಾರು ಹತ್ತು ಲೀಟರ್ ನೀರು ಹಾರಿಹೋಗಬಲ್ಲುದು. ಬಿಸಿಲಿನ ಒಂದು ಪಾಲು ಪ್ರತಿಫಲಿಸಿ ಹೋಗುತ್ತದೆ ನಿಜ; ಆದರೆ ಬಯಲಿನಿಂದ ಬೀಸುವ ಒಣಗಾಳಿಯು ತನ್ನ ಪಾಲಿನ ಶಾಖವನ್ನು ತಂದು ಆ ಕೊರತೆಯನ್ನು ತುಂಬಿಕೊಡುತ್ತದೆ. ಚಳಿಗಾಲದಲ್ಲಿ ಬಿಸಿಲು ಓರೆ, ಹಗಲು ಗಿಡ್ಡ. ಆಗ ಸೊಪ್ಪು ತುಂಬಿ ನಿಂತ ಮಡಿಯಿಂದ ದಿನಕ್ಕೆ ನಾಲ್ಕರಿಂದ ಐದು ಲೀಟರ್ ಹೋಗುತ್ತದೆಂದು ಎಣಿಸಿದರೆ ದೊಡ್ಡ ತಪ್ಪಾಗಲಾರದು.

ನಮ್ಮ ಮನೆಯ ಕೊಡಕ್ಕೆ ೧೨ ಲೀಟರ್. ಎರಡು ಕೊಡವೆಂದರೆ ೨೪. ಚದರ ಮೀಟರಿಗೆ ನಾಲ್ಕು ಲೀಟರಿನಂತೆ ಅದು ಆರು ಚದರ ಮೀಟರಿಗೆ ಮಾತ್ರ ಸಾಲುತ್ತದೆ, ಬೇಸಿಗೆಯಲ್ಲಿ ಎರಡೂವರೆಗೆ. ನಾವು ಹನ್ನೆರಡನ್ನು ಬಿತ್ತಿದ್ದೆವು! ಹಿತ್ತಲು ಎಷ್ಟು ದೊಡ್ಡದಿದೆಯೆಂದು ನೋಡಿ ತೋಟದ ಅಳತೆಯನ್ನು ಗೊತ್ತುಮಾಡುವುದು ಸಹಜ. ಆದರೆ ಈ ಸೀಮೆಯಲ್ಲಿ ಅಳತೆಯನ್ನು ಗೊತ್ತುಮಾಡುವುದು ಕೊಡ, ಹಿತ್ತಲಲ್ಲ. ಎರಡನೆಯ ವರ್ಷ ನಾವು ಮೂರೇ ಮಡಿಗಳನ್ನು ಮಾಡಿದೆವು. ಮಗುವಿಗೊಂದರಂತೆ, ಒಂದೊಂದೂ ಎರಡು ಚದರ ಮೀಟರ್.

ಇಷ್ಟೊಂದು ನೀರನ್ನು ಗಿಡ ಏನು ಮಾಡುತ್ತದೆ? ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇಂಗ್ಲೆಂಡಿನ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್ ಎಂಬಾತನು ೧೭೨೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ತಕ್ಕಡಿಯ ಮೂಲಕ ಉತ್ತರ ಕೊಟ್ಟಿದ್ದಾನೆ. ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿಯ ಗಿಡವಿದ್ದ ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ, ಬೆಳಗು ಬೈಗು ಅದನ್ನು ತೂಗಿ ನೋಡಿದನು. ಹಗಲಿನ ಹನ್ನೆರಡು ಗಂಟೆಗಳಲ್ಲಿ ಆ ಒಂದು ಗಿಡ ಸರಾಸರಿ ಒಂದು ಪೌಂಡು ನಾಲ್ಕು ಔನ್ಸು, ಎಂದರೆ ಸುಮಾರು ೫೭೦ ಗ್ರಾಂ ನೀರನ್ನು ಎಲೆಗಳ ಮೂಲಕ ಬೆವರುತ್ತಿತ್ತು. ಬೇರು ಹೀರಿದ ನೀರಿನಲ್ಲಿ ಗಿಡದ ಮೈಯಲ್ಲಿ ಉಳಿಯುವುದು ಅತ್ಯಲ್ಪ; ಮಿಕ್ಕುದೆಲ್ಲ ಎಲೆಯ ಸೂಕ್ಷ್ಮರಂಧ್ರಗಳಿಂದ ಆವಿಯಾಗಿ ಹೊರಬೀಳುತ್ತದೆ. ಅದೇ ರಂಧ್ರಗಳ ಮೂಲಕ ಗಾಳಿಯ ಇಂಗಾಲದ ಡೈ ಆಕ್ಸೈಡು ಒಳಬರಬೇಕು. ಬಾಗಿಲು ತೆರೆದರೆ ನೀರು ಹೊರಗೆ, ಮುಚ್ಚಿದರೆ ಅನ್ನವಿಲ್ಲ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಕೊಲರಾಡೋ ಪ್ರಾಂತದಲ್ಲಿ ಬ್ರಿಗ್ಸ್ ಮತ್ತು ಷಾಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಈ ವ್ಯಾಪಾರವನ್ನು ಬೆಳೆಬೆಳೆಗೂ ಅಳೆದರು. ಒಂದು ಕಿಲೋಗ್ರಾಂ ಒಣಪದಾರ್ಥವನ್ನು ಉಂಟುಮಾಡಲು ಜೋಳದ ಜಾತಿಗೆ ೩೦೦ ಕಿಲೋಗ್ರಾಮಿಗಿಂತ ತುಸು ಹೆಚ್ಚು ನೀರು ಬೇಕಾದರೆ ಕುದುರೆಮಸಾಲೆಯ ಮೇವಿಗೆ ೮೦೦ಕ್ಕೂ ಮಿಕ್ಕು ಬೇಕಾಯಿತು. ವಿಜಯಪುರದ ರೈತನು ಜೋಳವನ್ನು ಆರಿಸಿಕೊಂಡುದು ಈ ಅಂಕಿಗಳನ್ನು ಓದಿ ಅಲ್ಲವೆಂಬುದು ಬೇರೆ ಮಾತು.

ಹಾಗಾದರೆ ಹಿಂಗಾರಿ ಜೋಳದ ನೀರು ಎಲ್ಲಿಯದು? ಅದು ಮಣ್ಣಿನೊಳಗಿನ ಉಗ್ರಾಣದ್ದು. ನಮ್ಮ ಎರೆಮಣ್ಣು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗಿ ಆದ ಕರಿಗಲ್ಲು ಸವೆದು ಹುಟ್ಟಿದುದು. ಅದರಲ್ಲಿ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ಕಣ್ಣಿಗೆ ಕಾಣದಷ್ಟು ಸಣ್ಣ ಜೇಡಿಯ ಕಣಗಳು. ಈ ಜೇಡಿಯ ಕಣಗಳು ಹಾಳೆಗಳಂತೆ ಪದರಪದರವಾಗಿದ್ದು, ಪದರಗಳ ನಡುವೆಯೂ ನೀರನ್ನು ಎಳೆದುಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲದಲ್ಲಿ ಕೈ ಹೋಗುವಷ್ಟು ಬಿರುಕುಗಳು ಬೀಳುವುದು ಇದರಿಂದಲೇ. ಮಕ್ಕಳಿಗೆ ಇದನ್ನು ತೋರಿಸಲು ಒಂದು ಖಾಲಿ ಬೆಂಕಿಪೊಟ್ಟಣ ಸಾಕು. ನಾದಿದ ಎರೆಮಣ್ಣನ್ನು ಅದರಲ್ಲಿ ಒತ್ತಿ ತುಂಬಿ ನೆರಳಿನಲ್ಲಿ ನಾಲ್ಕು ದಿನ ಇಟ್ಟರೆ ಮಣ್ಣು ನಾಲ್ಕೂ ಕಡೆಯಿಂದ ಹಿಂದೆ ಸರಿದು, ಪೊಟ್ಟಣದೊಳಗೆ ಅಲುಗಾಡುವ ಇಟ್ಟಿಗೆಯಾಗುತ್ತದೆ. ಹೊಳೆಯ ಮರಳನ್ನು ಹೀಗೆಯೇ ತುಂಬಿಟ್ಟರೆ ಅದು ಕದಲುವುದೇ ಇಲ್ಲ.

ಕಣಗಳ ನಡುವಣ ಸಂದುಗಳೂ ಅಷ್ಟೇ ಕಿರಿದು. ಗಾಜಿನ ಕಿರುಕೊಳವೆಯನ್ನು ನೀರಿನಲ್ಲಿ ನಿಲ್ಲಿಸಿದರೆ ಒಳಗಿನ ನೀರು ತಾನಾಗಿ ಮೇಲೇರುವುದನ್ನು ನೀವು ಪ್ರಯೋಗಶಾಲೆಯಲ್ಲಿ ಕಂಡಿದ್ದೀರಿ. ಒಳವ್ಯಾಸ ಒಂದು ಮಿಲಿಮೀಟರಾದರೆ ಮೂರು ಸೆಂಟಿಮೀಟರ್ ಏರುತ್ತದೆ. ವ್ಯಾಸ ನೂರನೆಯ ಒಂದು ಪಾಲಿಗೆ ಇಳಿದರೆ ಏರಿಕೆ ನೂರುಪಟ್ಟಾಗಿ ಮೂರು ಮೀಟರ್ ಆಗಬೇಕು. ಇದೇ ಕೇಶಾಕರ್ಷಣ. ಕಿರಿದಾದ ಸಂದು ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಅತಿ ಕಿರಿದಾದುದು ಅತಿ ಬಿಗಿಯಾಗಿ. ಆದುದರಿಂದ ಬಿದ್ದ ಮಳೆ ಮರಳಿನಲ್ಲಿ ಇಳಿದುಹೋಗುವಂತೆ ಎರೆಯಲ್ಲಿ ಇಳಿದುಹೋಗಲಾರದು. ಆದರೆ ಇಲ್ಲೊಂದು ಮೋಸವುಂಟು. ಬೇರು ಆ ನೀರನ್ನು ಕಿತ್ತುಕೊಳ್ಳಬೇಕಷ್ಟೆ? ಬಹುತೇಕ ಬೆಳೆಗಳ ಬೇರುಗಳು ಸುಮಾರು ೧೫ ವಾಯುಭಾರಗಳವರೆಗೆ ಎಳೆಯಬಲ್ಲವು. ಮಿಲಿಮೀಟರಿನ ಐದುಸಾವಿರದ ಒಂದು ಪಾಲಿಗಿಂತ ಕಿರಿದಾದ ಸಂದುಗಳಲ್ಲಿ ಕುಳಿತ ನೀರನ್ನು ಅವು ಕದಲಿಸಲಾರವು. ಎರೆಮಣ್ಣಿನಲ್ಲಿ ಇಂತಹ ಸಂದುಗಳು ಅಸಂಖ್ಯ. ಕೈಗೆ ತಣ್ಣಗೆ ತಾಗುವ, ಕಣ್ಣಿಗೆ ಹಸಿಯಾಗಿ ಕಾಣುವ ಮಣ್ಣಿನಲ್ಲಿಯೂ ಗಿಡ ಬಾಡಿ ಸಾಯಬಹುದು. ಮರಳಿನಲ್ಲಿ ಕಡಿಮೆ ನೀರಿದ್ದರೂ ಅದರಲ್ಲಿ ಬಹುಭಾಗ ಗಿಡಕ್ಕೆ ದಕ್ಕುತ್ತದೆ. ಎರೆಯಲ್ಲಿ ಬಹಳ ನೀರಿದ್ದು ಅದರಲ್ಲಿ ಅರ್ಧದಷ್ಟು ಮಣ್ಣಿನ ಪಾಲೇ.

ಹೀಗಿದ್ದರೂ ಗಿಡಕ್ಕೆ ದಕ್ಕುವ ಭಾಗ ಅಲ್ಪವಲ್ಲ. ಮಳೆಯಿಂದ ಚೆನ್ನಾಗಿ ನೆನೆದ ಒಂದು ಮೀಟರ್ ಆಳದ ಎರೆಯಲ್ಲಿ ಅದು ೧೫೦ ಮಿಲಿಮೀಟರಿನಷ್ಟು, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ನಮ್ಮ ಆರು ಚದರ ಮೀಟರಿನ ತೋಟದ ಕೆಳಗೆ ೯೦೦ ಲೀಟರ್, ಎಂದರೆ ೭೫ ಕೊಡ ನೀರು ಹೂತಿರುತ್ತದೆಯೆಂದಾಯಿತು. ಈ ಲೆಕ್ಕವನ್ನು ಕೇಳಿದ ಮಕ್ಕಳು ಸಲಿಕೆ ತಂದು ಅಗೆದೇ ನೋಡಬೇಕೆಂದು ಹಟ ಹಿಡಿದರು. ಅಗೆಯಿಸಿದ್ದು ಒಳ್ಳೆಯದೇ ಆಯಿತು. ಹೊನವಾಡದ ಸುತ್ತ ಎಲ್ಲ ಕಡೆಯೂ ಆಳವಾದ ಎರೆಯಿಲ್ಲ. ಕೆಲವೆಡೆ ಮೊಳ ಅಗೆಯುವಷ್ಟರಲ್ಲಿ ಗರಸು ಹತ್ತುತ್ತದೆ, ಮನೆಗಳ ಹಿತ್ತಲಿನಲ್ಲಂತೂ ಹಳೆಯ ಗೋಡೆಯ ಮಣ್ಣು, ಕಲ್ಲುಚೂರು. ಒಂದು ಮೊಳದ ಉಗ್ರಾಣಕ್ಕೆ ಒಂದು ಮೀಟರಿನ ಲೆಕ್ಕವನ್ನು ಹಾಕಿ ಕುಳಿತರೆ ಮೋಸಹೋಗುತ್ತೇವೆ. ಬಿತ್ತುವ ಮೊದಲು ಒಂದು ಕಡೆಯಾದರೂ ಅಗೆದು ನೋಡಬೇಕು. ಹಾಗೆಯೇ ಬೇರು ಎಷ್ಟು ಆಳಕ್ಕೆ ಹೋಗುವುದೆಂಬುದೂ ಮುಖ್ಯ. ಮೆಂತೆಯ ಸೊಪ್ಪನ್ನು ತಿಂಗಳೊಳಗೆ ಕಿತ್ತುಬಿಡುವುದರಿಂದ ಅದು ಮೇಲಿನ ಒಂದು ಅಡಿಯನ್ನಷ್ಟೇ ಬಳಸೀತು. ಬದನೆ, ಬೆಂಡೆಗಳು ಒಂದು ಮೀಟರಿನ ಹತ್ತಿರ ಬೇರಿಳಿಸಬಲ್ಲವು. ಆದರೆ ದಿನವೂ ಮೇಲೆ ಮೇಲೆ ಒಂದು ತಂಬಿಗೆ ನೀರು ಚಿಮುಕಿಸುತ್ತಿದ್ದರೆ ಬೇರುಗಳು ಅಲ್ಲಿಯೇ ಹರಡಿಕೊಳ್ಳುತ್ತವೆ. ಕೆಳಗಿನ ಕೊಡಗಳು ಕೆಳಗೇ ಉಳಿಯುತ್ತವೆ. ಗಿಡ ಊರಿ ನಿಂತ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ, ಆ ದಿನಗಳ ನೀರನ್ನೆಲ್ಲ ಕೂಡಿಸಿ ಒಮ್ಮೆಲೆ ಕೊಡುವುದು ಮೇಲು. ನಾವು ದಿನಕ್ಕೊಂದು ಮಡಿಗೆ ಎರಡೂ ಕೊಡಗಳನ್ನು ಸುರಿಯುವ ಸರದಿಯನ್ನು ಗೊತ್ತುಮಾಡಿದೆವು. ಮಕ್ಕಳ ಜಗಳವೂ ಅದರಿಂದ ತಪ್ಪಿತು.

ಮಣ್ಣಿನ ಉಗ್ರಾಣವನ್ನು ಕಾಪಾಡುವ ವಿದ್ಯೆ ಈ ಜಿಲ್ಲೆಗೆ ಹೊಸದಲ್ಲ. ಆಗ ಬಿಜಾಪುರವೆನ್ನಿಸಿಕೊಂಡಿದ್ದ ಈ ಊರಿನಲ್ಲಿ ೧೯೩೩ರಲ್ಲಿಯೇ ಒಣಬೇಸಾಯದ ಸಂಶೋಧನಾಕೇಂದ್ರ ಸ್ಥಾಪಿತವಾಯಿತು. ಸೊಲ್ಲಾಪುರ, ಹಗರಿ, ರಾಯಚೂರು, ರೋಹತಕಗಳಲ್ಲಿಯೂ ಅಂತಹ ಕೇಂದ್ರಗಳು ಆ ವರ್ಷಗಳಲ್ಲಿ ತೆರೆದುವು. ಈಗ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನಾಕೇಂದ್ರ ವಿಜಯಪುರದಲ್ಲಿ ಆ ಕೆಲಸವನ್ನು ನಡೆಸಿದೆ. ಹೊಲಕ್ಕೆ ಒಡ್ಡು ಹಾಕಿ ಮಳೆಯನ್ನು ನಿಲ್ಲಿಸುವುದು, ಬೀಜವನ್ನು ಕಡಿಮೆ ಮಾಡಿ ಸಾಲುಗಳನ್ನು ಅಗಲಿಸುವುದು, ಎಡೆ ಹೊಡೆದು ಬಿರುಕುಗಳನ್ನು ಮುಚ್ಚುವುದು, ಇವೇ ಒಣಬೇಸಾಯದ ಮುಖ್ಯ ಮಾತುಗಳು. ಈ ಮೂರನ್ನೂ ಆರು ಚದರ ಮೀಟರಿಗೆ ಇಳಿಸಿದರೆ ನಮ್ಮ ತೋಟವಾಗುತ್ತದೆ.

ಒಡ್ಡೆಂದರೆ ನಮಗೆ ತಗ್ಗುಮಡಿ. ಮಡಿಯನ್ನು ನೆಲಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗಿಳಿಸಿ, ಅಗೆದ ಮಣ್ಣಿನಿಂದಲೇ ಸುತ್ತ ಗಟ್ಟಿಯಾದ ಬದುವನ್ನು ಕಟ್ಟಬೇಕು. ಏರುಮಡಿಯ ನಾಲ್ಕು ಪಕ್ಕಗಳೂ ಗಾಳಿಗೆ ಮೈಯೊಡ್ಡಿ ಒಣಗುತ್ತವೆ. ಸುರಿದ ನೀರು ಪಕ್ಕಕ್ಕೆ ಜಾರುತ್ತದೆ. ತಗ್ಗುಮಡಿಯಲ್ಲಿ ಇವೆರಡೂ ಇಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ಮರುಭೂಮಿಯಲ್ಲಿ ಜೂನಿ ಎಂಬ ಆದಿವಾಸಿಗಳು ತಲೆತಲಾಂತರದಿಂದ ಇಂತಹ ಪುಟ್ಟ ಪುಟ್ಟ ತಗ್ಗುಚೌಕಗಳಲ್ಲಿಯೇ ಕಾಯಿಪಲ್ಲೆ ಬೆಳೆಯುತ್ತ ಬಂದಿದ್ದಾರೆ. ಒಂದೊಂದು ಚೌಕಕ್ಕೂ ಒಂದೊಂದು ಗಡಿಗೆ ನೀರು. ಆದರೆ ಭಾದ್ರಪದ ಆಶ್ವೀಜಗಳಲ್ಲಿ ಜಡಿಮಳೆ ಹಿಡಿದಾಗ ಎರೆಯ ತಗ್ಗಿನಲ್ಲಿ ನೀರು ನಿಂತು ಬೇರುಗಳು ಉಸಿರುಗಟ್ಟುತ್ತವೆ. ಆದುದರಿಂದ ತಗ್ಗುಮಡಿಯು ಹಿಂಗಾರಿಗೆ ತಕ್ಕುದು. ಮುಂಗಾರಿಯಲ್ಲಿ ಬೆಳೆಯುವವರು ಪುಸ್ತಕದ ಏರುಮಡಿಯನ್ನೇ ಮಾಡಲಿ. ಪುಸ್ತಕ ತಪ್ಪಲ್ಲ, ನಾವು ಓದಿದ ಋತು ತಪ್ಪು.

ಎರೆಮಣ್ಣನ್ನು ಅಗೆಯಲು ಹದ ನೋಡಬೇಕು. ಹಸಿಯಿದ್ದಾಗ ತುಳಿದರೆ ಒಣಗಿದ ಮೇಲೆ ಅದು ಕಲ್ಲಾಗುತ್ತದೆ. ಹಸ್ತ ಚಿತ್ತೆಯ ಮಳೆಗಳು ಹಿಂದೆಗೆದು ಮಣ್ಣು ಕೈಯಲ್ಲಿ ಪುಡಿಯಾಗುವಂತಾದ ನಾಲ್ಕಾರು ದಿನಗಳೇ ಸರಿಯಾದ ಹೊತ್ತು. ಆಗ ಚದರ ಮೀಟರಿಗೆ ಎರಡು ಮೂರು ಕಿಲೋಗ್ರಾಮಿನಷ್ಟು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಬೇಕು. ಮಣ್ಣು ಕರ್ರಗಿದೆಯೆಂದ ಮಾತ್ರಕ್ಕೆ ಅದರಲ್ಲಿ ಗೊಬ್ಬರದ ಅಂಶ ತುಂಬಿದೆಯೆಂದು ತಿಳಿಯಬಾರದು. ನಮ್ಮ ಎರೆಯಲ್ಲಿ ಅದು ಶೇಕಡಾ ಒಂದರ ಆಸುಪಾಸಿನಲ್ಲಿಯೇ ಇರುವುದು ಸಾಮಾನ್ಯ.

ಇನ್ನು ಹೊದಿಕೆ. ಜೋಳದ ಕಣಿಕೆಯ ಚೂರು, ಒಣ ಎಲೆ, ಕಬ್ಬಿನ ರವದಿ, ಏನಾದರೂ ಸರಿ. ಸಸಿಗಳು ಗೇಣುದ್ದವಾದ ಮೇಲೆ ಅವುಗಳ ನಡುವಣ ನೆಲವನ್ನು ಎರಡು ಬೆರಳು ದಪ್ಪ ಮುಚ್ಚಬೇಕು. ಬಿಸಿಲು ಹೊದಿಕೆಯ ಮೇಲೆ ಬೀಳುತ್ತದೆ, ಮಣ್ಣಿನ ಮೇಲಲ್ಲ. ನೆಲದಿಂದ ಎದ್ದ ಆವಿಯು ಗಾಳಿಗೆ ನೇರವಾಗಿ ಸಿಕ್ಕದೆ ಕಣಿಕೆಯ ಸಂದುಗಳಲ್ಲಿ ತಡೆದು ನಿಲ್ಲುತ್ತದೆ. ಇದರ ಗುಣವನ್ನು ಮಕ್ಕಳ ಕೈಯಿಂದಲೇ ತೂಗಿಸಬಹುದು. ಒಂದೇ ಅಳತೆಯ ಎರಡು ಡಬ್ಬಿಗಳಲ್ಲಿ ಒಂದೇ ತೂಕದ ಮಣ್ಣು ತುಂಬಿ, ಒಂದೊಂದು ಲೋಟ ನೀರು ಹಾಕಿ, ಒಂದನ್ನು ಮಾತ್ರ ಹೊದಿಸಿ, ಎರಡನ್ನೂ ಬಿಸಿಲಿನಲ್ಲಿಟ್ಟು ದಿನವೂ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಲಿ. ಮೊದಲ ಎರಡು ಮೂರು ದಿನ ಬರಿಯ ಡಬ್ಬಿ ಭರದಿಂದ ಹಗುರವಾಗುತ್ತದೆ. ಆಮೇಲೆ ಅದರ ವೇಗ ತಾನಾಗಿಯೇ ಕುಗ್ಗುತ್ತದೆ. ಮೇಲುಪದರ ಒಣಗಿದ ಮೇಲೆ ಕೆಳಗಿನ ನೀರು ಕೇಶಾಕರ್ಷಣದಿಂದ ಮೇಲೇರಿ ಬರುವುದು ನಿಧಾನವಾಗುತ್ತದೆ. ರೈತನ ಎಡೆಕುಂಟೆ ಮಾಡುವುದೂ ಇದನ್ನೇ: ಮೇಲಿನ ಎರಡು ಬೆರಳು ಮಣ್ಣನ್ನು ಪುಡಿಮಾಡಿ ಒಣಗಿಸಿ, ಕೆಳಗಿನ ಕಿರುಕೊಳವೆಗಳ ಬಾಯನ್ನು ಕಡಿದುಹಾಕುತ್ತದೆ, ಜೊತೆಗೆ ಬಿರುಕುಗಳ ಬಾಯನ್ನೂ ಮುಚ್ಚುತ್ತದೆ. ಬಿರುಕೆಂದರೆ ನೆಲದೊಳಗೆ ಗಾಳಿಗೆ ತೆರೆದ ಎರಡು ಹಸಿಗೋಡೆಗಳು. ಆದುದರಿಂದ ಮಕ್ಕಳಿಗೆ ಕುರಪಿ ಕೊಟ್ಟು ವಾರಕ್ಕೊಮ್ಮೆ ಮೇಲೆ ಮೇಲೆ ಕೆದಕಿಸುವುದು ಕಳೆಗಾಗಿ ಮಾತ್ರವಲ್ಲ. ಕುರಪಿಯ ಅಲಗು ಚೂಪಾಗಿರುತ್ತದೆ, ಹತ್ತಿರ ನಿಲ್ಲಬೇಕು.

ಹೂತ ಮಡಕೆಯ ಉಪಾಯವನ್ನೂ ಹೇಳಬೇಕು. ಇದರ ಪ್ರಸ್ತಾಪ ಎರಡು ಸಾವಿರ ವರ್ಷಗಳ ಹಿಂದಿನ ಚೀನದ ಕೃಷಿಗ್ರಂಥದಲ್ಲಿಯೇ, ಫಾನ್ ಶೆಂಗ್‌ಚಿ ಎಂಬಾತನ ಹೆಸರಿನದರಲ್ಲಿ, ಕಂಡುಬರುತ್ತದೆ. ಐದಾರು ಲೀಟರ್ ಹಿಡಿಯುವ, ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕೊರಳಿನವರೆಗೆ ಹೂತು, ನೀರು ತುಂಬಿ ಮುಚ್ಚಳ ಹಾಕಿ, ಸುತ್ತ ನಾಲ್ಕು ಸವತೆಯ ಇಲ್ಲವೆ ಹೀರೆಯ ಬೀಜಗಳನ್ನು ಊರುತ್ತಾರೆ. ಬೇಸಿಗೆಯಲ್ಲಿ ಕುಡಿಯುವ ನೀರನ್ನು ತಣಿಸುವ ಅದೇ ರಂಧ್ರಗಳು ಇಲ್ಲಿ ಬೇರಿಗೆ ನೀರುಣಿಸುತ್ತವೆ. ಸುತ್ತಣ ಮಣ್ಣು ಒಣಗಿದಂತೆ ಅದು ಮಡಕೆಯ ಗೋಡೆಯಿಂದ ನೀರನ್ನು ಬಲವಾಗಿ ಹೀರುತ್ತದೆ. ನೆನೆದಂತೆ ಸೆಳೆತ ತಗ್ಗಿ ಸೋರುವುದೂ ತಗ್ಗುತ್ತದೆ. ಕೀಲಿಲ್ಲ, ಯಂತ್ರವಿಲ್ಲ, ಆದರೂ ಬೇಕಾದಾಗ ಬೇಕಾದಷ್ಟು! ದ್ರಾಕ್ಷಿತೋಟದ ಹನಿಕೊಳವೆಗೂ ಈ ಬುದ್ಧಿಯಿಲ್ಲ. ಅದನ್ನು ಯಾರಾದರೂ ತಿರುಗಿಸಿ ನಿಲ್ಲಿಸಬೇಕು.

ಮಡಕೆಗೂ ಮಡಿಗೂ ಒಂದು ಶತ್ರುವುಂಟು: ಉಪ್ಪು. ಡೋಣಿಯ ನೀರು ಸವುಳೆಂಬುದು ಈ ಜಿಲ್ಲೆಯಲ್ಲಿ ಎಲ್ಲರಿಗೂ ತಿಳಿದುದೇ. ಅನೇಕ ಬಾವಿಗಳ, ಕೊಳವೆಬಾವಿಗಳ ನೀರೂ ಹಾಗೆಯೇ. ಒಂದು ಸ್ಟೀಲಿನ ತಟ್ಟೆಯಲ್ಲಿ ನಿಮ್ಮ ಮನೆಯ ನೀರನ್ನು ಬಿಸಿಲಿಗೆ ಇಟ್ಟು ಆವಿಯಾಗಿಸಿ ನೋಡಿ. ಕೆಳಗೆ ಬಿಳಿಯ ಪೊರೆ ಉಳಿಯುತ್ತದೆ. ಲೀಟರಿಗೆ ಒಂದು ಗ್ರಾಂ ಲವಣವಿರುವ ನೀರನ್ನು ದಿನಕ್ಕೆ ೨೪ ಲೀಟರಿನಂತೆ ನೂರು ದಿನ ಹಾಕಿದರೆ ೨೪೦೦ ಗ್ರಾಂ, ಎಂದರೆ ಎರಡೂಕಾಲು ಕಿಲೋಗ್ರಾಮಿಗೂ ಹೆಚ್ಚು ಲವಣವನ್ನು ನಾವೇ ತಂದು ಮಡಿಗೆ ಸುರಿದಂತಾಯಿತು. ನೀರು ಹಾರುತ್ತದೆ, ಉಪ್ಪು ಹಾರುವುದಿಲ್ಲ. ಅಡಿಗೆಯುಪ್ಪಿನ ಅಂತಹ ದ್ರಾವಣದ ಅಭಿಸರಣ ಒತ್ತಡ ಮೊದಲಿಗೆ ಒಂದು ವಾಯುಭಾರಕ್ಕಿಂತ ಕಡಿಮೆ. ಆದರೆ ಮಣ್ಣಿನೊಳಗೆ ಆ ನೀರು ಆವಿಯಾಗಿ ಐದನೆಯ ಒಂದು ಪಾಲಿಗೆ ಇಳಿದಾಗ ಅದು ನಾಲ್ಕನ್ನು ಮುಟ್ಟುತ್ತದೆ. ಬೇರಿನ ಹದಿನೈದು ವಾಯುಭಾರಗಳ ಬಲದಲ್ಲಿ ನಾಲ್ಕು ಹೀಗೆ ಹೋದರೆ ಗಿಡಕ್ಕೆ ಉಳಿಯುವುದೆಷ್ಟು? ಕೈ ತೊಳೆದ, ಕಾಯಿಪಲ್ಲೆ ತೊಳೆದ ನೀರು ತೋಟಕ್ಕೆ ಒಳ್ಳೆಯದು. ಬಟ್ಟೆಯ ಸಾಬೂನಿನ ಪುಡಿಯ ನೀರು ಬೇಡ, ಅದರ ಸೋಡಿಯಮ್ಮು ಎರೆಯನ್ನು ಇನ್ನೂ ಬಿಗಿಯಾಗಿಸುತ್ತದೆ. ಎಲ್ಲಕ್ಕಿಂತ ಸಿಹಿಯಾದುದು ಮಳೆಯ ನೀರು. ೨೦ ಚದರ ಮೀಟರಿನ ಮಾಳಿಗೆಯ ಮೇಲೆ ೨೫ ಮಿಲಿಮೀಟರ್ ಮಳೆ ಬಿದ್ದರೆ ೫೦೦ ಲೀಟರ್. ನಲವತ್ತು ಕೊಡಗಳಿಗೆ ಮಿಕ್ಕುತ್ತದೆ. ಅದನ್ನು ಹಿಡಿದಿಡುವ ಪೀಪಾಯಿಯ ಬಾಯಿಗೆ ಬಟ್ಟೆ ಕಟ್ಟಲೇಬೇಕು, ಸೊಳ್ಳೆಯ ದೆಸೆಯಿಂದ.

ಏನನ್ನು ಬಿತ್ತಬೇಕು? ಮಕ್ಕಳ ತಾಳ್ಮೆಯನ್ನು ನೋಡಿ ಬಿತ್ತಬೇಕು. ಮೆಂತೆ ಮೂರರಿಂದ ಐದು ದಿನಗಳಲ್ಲಿ ತಲೆಯೆತ್ತುತ್ತದೆ, ತಿಂಗಳೊಳಗೆ ಪಲ್ಲೆಯಾಗುತ್ತದೆ. ಬೀಜ ಅಡಿಗೆಮನೆಯ ಡಬ್ಬಿಯಲ್ಲಿಯೇ ಇದೆ. ಕೊತ್ತಂಬರಿಯ ಕಾಳನ್ನು ಎರಡು ಹೋಳಾಗಿ ಒಡೆದು ಬಿತ್ತಬೇಕು, ಅದು ತುಸು ತಡ. ರಾಜಗಿರಿಯೂ ಮೂಲಂಗಿಯೂ ಸುಲಭ. ನಮ್ಮಲ್ಲಿ ಚವಳಿಕಾಯಿ ಎನ್ನುವ, ಮೈಸೂರಿನ ಕಡೆ ಗೋರಿಕಾಯಿ ಎನ್ನುವ ಗಿಡ ನೀರಿಲ್ಲದೆಯೂ ಬಹಳ ದಿನ ತಾಳುತ್ತದೆ. ಆದರೆ ಅದಕ್ಕೆ ಚಳಿ ಆಗದು, ಮಾಘದ ಚಳಿ ಹಿಂದೆಗೆದ ಮೇಲೆ ಬಿತ್ತಬೇಕು. ಬೆಂಡೆಯದೂ ಅದೇ ಸ್ವಭಾವ. ಬದನೆಯ ಸಸಿಯನ್ನು ಒಂದು ಮೂಲೆಯಲ್ಲಿ ನಾಲ್ಕೈದು ವಾರ ಬೆಳೆಸಿ ಕಿತ್ತು ನೆಡಬೇಕು. ಮತ್ತೆ ಎರಡು ತಿಂಗಳು ಕಾಯಬೇಕು. ಒಂದೇ ಮಡಿಯಲ್ಲಿ ಬೇಗನೆ ಬರುವುದನ್ನೂ ತಡವಾಗಿ ಬರುವುದನ್ನೂ ಕೂಡಿಸಿ ಹಾಕಿದರೆ ಮಗುವಿಗೆ ಕಾಯುವುದು ಭಾರವಾಗದು. ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕಿಂತ ಕೆಳಗೆ ಹೂಳಬಾರದು. ಮೇಲೆ ಎರೆಯ ಬದಲು ಮರಳು ಬೆರೆಸಿದ ಗೊಬ್ಬರವನ್ನು ಉದುರಿಸಿದರೆ ಹೆಪ್ಪುಗಟ್ಟುವ ಭಯವಿಲ್ಲ. ಬಿತ್ತಿದ ಮರುದಿನವೇ ಕೆದಕಿ ನೋಡುವ ಮಗುವಿಗೆ, ಒದ್ದೆ ಅರಿವೆಯಲ್ಲಿ ಹತ್ತು ಕಾಳು ಕಟ್ಟಿ ಕೊಟ್ಟುಬಿಡಿ. ಅದನ್ನು ಬಿಚ್ಚಿ ಬಿಚ್ಚಿ ನೋಡಲಿ.

ಕಠಿಣವಾದ ಕೆಲಸವೆಂದರೆ ಸಸಿಗಳನ್ನು ವಿರಳಮಾಡುವುದು. ಹುಟ್ಟಿದ ಹತ್ತು ಮೂಲಂಗಿಗಳಲ್ಲಿ ಏಳನ್ನು ಕೀಳಬೇಕೆಂದಾಗ ನಮ್ಮ ಮೂವರೂ ಒಪ್ಪಲಿಲ್ಲ. ನೀರಿನ ಲೆಕ್ಕವನ್ನು ಮತ್ತೆ ಹೇಳಿದರೂ ಒಪ್ಪಲಿಲ್ಲ. ಕಿತ್ತ ಎಳೆಸಸಿಗಳನ್ನು ಉಳ್ಳಾಗಡ್ಡಿಯೊಡನೆ ಹೆಚ್ಚಿ, ಶೇಂಗಾದ ಪುಡಿ ಬೆರೆಸಿ ರೊಟ್ಟಿಗೆ ಬಡಿಸಿದ ಮೇಲೆ ಮಾತ್ರ ವಿರೋಧ ನಿಂತಿತು. ಕೋಳಿ ಮತ್ತು ಆಡುಗಳ ವಿಷಯದಲ್ಲಿ ವಿಜ್ಞಾನದಿಂದ ಸಹಾಯವಿಲ್ಲ. ಜಾಲಿಯ ಮುಳ್ಳೇ ಗತಿ.

ನೀರು ಹಾಕುವ ಹೊತ್ತನ್ನು ನಿರ್ಣಯಿಸುವ ಅಧಿಕಾರವನ್ನು ಮಗುವಿಗೇ ಕೊಡಬೇಕು. ನಡುಹಗಲಿನಲ್ಲಿ ಎಲೆ ಜೋತುಬಿದ್ದುದನ್ನು ಕಂಡು ಓಡಿಹೋಗಿ ನೀರು ಸುರಿಯುವುದು ಸಾಮಾನ್ಯವಾದ ತಪ್ಪು. ಆ ಹೊತ್ತಿನಲ್ಲಿ ಎಲೆ ಬೆವರುವ ವೇಗ ಬೇರು ಹೀರುವ ವೇಗವನ್ನು ಮೀರಿರುತ್ತದೆ, ಅಷ್ಟೆ. ಸಂಜೆಗೆ ಎಲೆ ತಾನೇ ನಿಮಿರುತ್ತದೆ. ಬೆಳಗಿನ ಹೊತ್ತಿನಲ್ಲಿಯೂ ಜೋತಿದ್ದರೆ ಮಾತ್ರ ನಿಜವಾದ ಬಾಯಾರಿಕೆ. ಅದಕ್ಕೂ ಮುಂಚೆಯೇ ತಿಳಿಯಬೇಕಾದರೆ ನಾಲ್ಕು ಬೆರಳು ಆಳದಿಂದ ಒಂದು ಚಿಟಿಕೆ ಮಣ್ಣು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಎಳೆಯಬೇಕು. ಪಟ್ಟಿಯಂತೆ ನೀಳವಾಗಿ ಬಂದರೆ ಆ ದಿನದ ಕೊಡವನ್ನು ಬೇರೆ ಮಡಿಗೆ ಒಯ್ಯಬಹುದು. ಪುಡಿಪುಡಿಯಾದರೆ ಸರದಿಗೆ ಕಾಯಬಾರದು. ಎರಡು ವಾರಗಳಲ್ಲಿ ಮಕ್ಕಳ ಬೆರಳು ನಮ್ಮ ಬೆರಳಿಗಿಂತ ಚುರುಕಾಯಿತು.

ಎರಡನೆಯ ವರ್ಷದ ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಸಜ್ಜೆಯ ರೊಟ್ಟಿಯೊಡನೆ ಬುತ್ತಿಯಲ್ಲಿದ್ದ ಮೆಂತೆ ಹಿತ್ತಲಿನದಾಗಿತ್ತು. ಫಾಲ್ಗುಣದಲ್ಲಿ ಬಿಸಿಲೇರಿದಾಗ ಮಕ್ಕಳು ತಾವೇ ಲೆಕ್ಕ ಹಾಕಿ, ಇನ್ನು ಎರಡು ಕೊಡಗಳಿಗೆ ಎರಡೂವರೆ ಚದರ ಮೀಟರ್ ಮಾತ್ರ ಎಂದರು. ಮೂರರಲ್ಲಿ ಎರಡು ಮಡಿಗಳ ಸೊಪ್ಪು, ಮೂಲಂಗಿಗಳನ್ನೆಲ್ಲ ಕಿತ್ತು, ಮಣ್ಣನ್ನು ಕೆದಕಿ ಕಣಿಕೆ ಹೊದಿಸಿ ಬಿಟ್ಟೆವು. ಉಳಿಸಿಕೊಂಡುದು ಚಿಕ್ಕವಳ ಮಡಿ, ಅದರಲ್ಲಿ ನಾಲ್ಕು ಬದನೆಯ ಗಿಡಗಳು, ನಡುವೆ ಒಂದು ಹೂತ ಮಡಕೆ. ಮೇ ತಿಂಗಳಲ್ಲಿ ಗುಡುಗಿ ಮೊದಲ ಅಡ್ಡಮಳೆ ಬಂದ ಸಂಜೆಯೂ ಆ ಗಿಡಗಳಲ್ಲಿ ಕಾಯಿಗಳಿದ್ದುವು.